ಪಾಪಸುಕಳ್ಳಿ ಡಿಎನ್‌ಎ ಲೋಳೆಲೋಳೆ, ಪಿಸಿಆರ್ ಬರ್ತಿಲ್ಲ

ಪ್ರಶ್ನೆ: ಹೆಸರಘಟ್ಟದ ಕಡೆ ಬೇಲಿಗಳ ಪಾಪಸುಕಳ್ಳಿಯ ತಳಿವೈವಿಧ್ಯವನ್ನು ಮೈಕ್ರೋಸ್ಯಾಟಲೈಟ್‌ನಲ್ಲಿ (ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರೋ ಪುಟ್ಟ ತುಣುಕುಗಳು) ನೋಡಬೇಕು. ಸಿಟಿಎಬಿ (ಗಿಡದ ಡಿಎನ್‌ಎ ತೆಗೆಯಲು ಬಳಸೋ ಮಾರ್ಜಕ) ವಿಧಾನದಲ್ಲಿ ತೆಗೆದ ಡಿಎನ್‌ಎ ಗಂಜಿ ಹಾಗೆ ಅಂಟು, ಪಿಪೆಟ್ ತುದಿಯಿಂದ ಎಳೆಎಳೆಯಾಗಿ ಜೋತುಬೀಳುತ್ತೆ. ಶುದ್ಧತೆ ಅಳೆಯೋ 260/230 ಬೆಳಕು ಹೀರುವಿಕೆಯ ಅನುಪಾತ ಬರೀ 0.7. ಪಿಸಿಆರ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸೋದು) ಮಾಡಿದ್ರೆ ಜೆಲ್‌ನಲ್ಲಿ ಬ್ಯಾಂಡೇ ಇಲ್ಲ.

ಉತ್ತರ 1: ಆ ಲೋಳೆ ಪಾಲಿಸ್ಯಾಕರೈಡ್ (ಸಕ್ಕರೆಗಳ ಉದ್ದ ಸರಪಳಿ) ಮೇಡಂ/ಸರ್. ಡಿಎನ್‌ಎ ಜೊತೆಗೇ ಇಳಿದು ನಕಲು ಮಾಡೋ ಕಿಣ್ವ ಪಾಲಿಮರೇಸ್‌ನ ಕೆಲಸ ತಡೆಯುತ್ತೆ. ಒಳತಿರುಳು ಮುಟ್ಟಬೇಡಿ. ಎಳೇ ಹಾಳೆಯ (ಚಪ್ಪಟೆ ಕಾಂಡ) ಮೇಲಿನ ಹಸಿರು ಪದರವನ್ನಷ್ಟೇ ಬ್ಲೇಡಲ್ಲಿ ಹೆರೆಯಿರಿ, 100 ಮಿಲಿಗ್ರಾಂ ಸಾಕು. ಸಿಟಿಎಬಿಗೆ ಮುಂಚೆ ಸಾರ್ಬಿಟಾಲ್ ಬಫರಲ್ಲಿ ತೊಳೀರಿ, ಮೇಲಿನ ದ್ರವ ನೀರಿನಷ್ಟು ತೆಳ್ಳಗಾಗೋವರೆಗೆ. ಕ್ಲೋರೋಫಾರ್ಮ್ ಆದಮೇಲೆ ಅರ್ಧ ಪಾಲು 5 ಮೋಲಾರ್ ಸೋಡಿಯಂ ಕ್ಲೋರೈಡ್ ಸೇರಿಸಿ, ಆಮೇಲೆ ಎಥನಾಲ್. ಉಪ್ಪು ಹೆಚ್ಚಿದ್ರೆ ಲೋಳೆ ಬಹುಪಾಲು ಕರಗೇ ಉಳಿಯುತ್ತೆ. ಕೊನೆಗೆ 70% ಎಥನಾಲಲ್ಲಿ ತೊಳೆಯೋದು ಬಿಟ್ರೆ ಆ ಉಪ್ಪೇ ಪಿಸಿಆರ್ ಕೆಡಿಸುತ್ತೆ.

ಉತ್ತರ 2: ಮೊದಲು ಈಗಿರೋ ಡಿಎನ್‌ಎಯನ್ನೇ 1:10, 1:50 ತೆಳು ಮಾಡಿ ನೋಡಿ, ಬ್ಯಾಂಡ್ ಬಂದ್ರೆ ಪಿಸಿಆರ್ ತಡೆಯೋ ಕಲ್ಮಶ ಇದೆ ಅಂತ, ಬಹುಶಃ ಲೋಳೆಯೇ. ನನಗೆ ಚಿಂತೆ ಅಂಕಿಅಂಶದ್ದು. ಪಾಪಸುಕಳ್ಳಿಯ ಕುಲ ಒಪುನ್ಷಿಯಾದಲ್ಲಿ ಪಾಲಿಪ್ಲಾಯ್ಡ್‌ಗಳು (ಕ್ರೋಮೋಸೋಮ್ ಎರಡಕ್ಕಿಂತ ಹೆಚ್ಚು ಸೆಟ್ ಇರೋವು) ಮಾಮೂಲು; ಅದರ ಫೈಕಸ್-ಇಂಡಿಕಾ ಪ್ರಭೇದ ಆಕ್ಟೋಪ್ಲಾಯ್ಡ್ (ಎಂಟು ಸೆಟ್), 2ಎನ್=88. ಒಂದೇ ಲೋಕಸ್‌ನಲ್ಲಿ (ಡಿಎನ್‌ಎಯ ಒಂದು ನಿಗದಿತ ಜಾಗ) ಐದಾರು ಪೀಕ್ ಕಂಡರೆ ಕಲಬೆರಕೆ ಅನ್ನಬೇಡಿ. ಯಾವ ಅಲೀಲ್ (ಆ ಜಾಗದ ಒಂದು ರೂಪ) ಎಷ್ಟು ಪ್ರತಿ ಅಂತ ತಿಳಿಯಲ್ಲ, ಇದೆ/ಇಲ್ಲ ಅಂತ 1/0 ಬರೆಯಿರಿ. ಡಿಪ್ಲಾಯ್ಡ್‌ಗಳಿಗೆ (ಎರಡೇ ಸೆಟ್ ಇರೋವು) ಮಾಡಿದ ಹಾರ್ಡಿ-ವೈನ್‌ಬರ್ಗ್ ಪರೀಕ್ಷೆ (ಅಲೀಲ್‌ಗಳ ಹಂಚಿಕೆ ನಿರೀಕ್ಷೆಯಂತಿದೆಯೇ ಅನ್ನೋದು) ಇಲ್ಲಿ ನಡೆಯಲ್ಲ.

ಪ್ರಶ್ನೆ: ಒಂದು ಬೇಲಿಯಿಂದ ಎಷ್ಟು ಮಾದರಿ ಮೇಡಂ?

ಉತ್ತರ 2: ಬಿದ್ದ ಹಾಳೆಯೇ ಬೇರುಬಿಡೋ ಗಿಡ ಇದು, ಇಡೀ ಬೇಲಿ ಒಂದೇ ಕ್ಲೋನ್ (ಒಂದೇ ಗಿಡದ ನಕಲು) ಇರಬಹುದು. ಬೇಲಿಗೆ ಎರಡು ಮೂರು, ದೂರದೂರದಿಂದ; ಬೇಲಿಗಳ ಸಂಖ್ಯೆ ಹೆಚ್ಚಿಸಿ.