ಆಂಪ್ ಸಿಮ್‌ನಲ್ಲಿ ಮೈಕ್ ಎಲ್ಲಿಡೋದು? ಡಬ್ಬದೊಳಗೆ ಜೇನುಹುಳ ಬಿಟ್ಟ ಹಾಗಿದೆ

ಒಂಟಿತಂತಿ:
ಪಿಜಿಯಲ್ಲಿ ಗಿಟಾರ್ ಆಂಪ್ ಇಡೋಕೆ ಬಿಡಲ್ಲ, ಹಾಗಾಗಿ ಲ್ಯಾಪ್‌ಟಾಪ್, ಹೆಡ್‌ಫೋನ್, ಒಂದು ಆಂಪ್ ಸಿಮ್ (ಆಂಪ್, ಸ್ಪೀಕರ್, ಮೈಕ್ ಎಲ್ಲ ನಕಲು ಮಾಡೋ ಸಾಫ್ಟ್‌ವೇರ್). ಕ್ಲೀನ್ ಚೆನ್ನಾಗಿದೆ. ಡಿಸ್ಟಾರ್ಷನ್ (ರಾಕ್ ಗಿಟಾರಿನ ಒರಟು ಸೌಂಡ್) ಹಾಕಿದ್ರೆ ಬರೀ ಗುಯ್‌ಗುಯ್. ಶೂರ್ ಎಸ್‌ಎಂ57 ಮೈಕ್ ಸ್ಪೀಕರ್‌ಗೆ ಅಂಟಿಕೊಂಡ ಹಾಗೆ ನಟ್ಟನಡುವೆ ಇದೆ, ಇನ್ನೊಂದು ಮೈಕ್ ಒಂದಡಿ ಹಿಂದೆ. ಎರಡೂ ಸೇರಿಸಿದ್ರೆ ಸೌಂಡ್ ದಪ್ಪ ಆಗ್ಬೇಕಲ್ವಾ? ಇನ್ನೂ ತೆಳು ಆಗ್ತಿದೆ. ಇಂಟರ್‌ಫೇಸ್ (ಗಿಟಾರನ್ನ ಲ್ಯಾಪ್‌ಟಾಪಿಗೆ ಜೋಡಿಸೋ ಡಬ್ಬ) ಬದಲಿಸ್ಲಾ?

ಬಾಸ್‌ಭಟ್ಟ:
ಹೈ ಕಟ್ (ಮೇಲಿನ ಚೂಪು ಸದ್ದು ಕತ್ತರಿಸೋ ಫಿಲ್ಟರ್) 8 ಕಿಲೋಹರ್ಟ್ಸ್‌ಗೆ ಹಾಕಿ ಗುರು, ಮುಗೀತು.

ಹಳೇವಾಲ್ವ್:
ಮುಗಿಯಲ್ಲ, ಮುಚ್ಚಿಹೋಗುತ್ತೆ ಅಷ್ಟೆ. ಇಂಟರ್‌ಫೇಸಿಗೆ ದುಡ್ಡು ಸುರೀಬೇಡಿ.

ಮೊದಲು ಹಿಂದಿನ ಮೈಕ್ ಮ್ಯೂಟ್ ಮಾಡಿ. ಒಂದಡಿ ದಾಟೋಕೆ ಶಬ್ದಕ್ಕೆ ಸುಮಾರು 0.9 ಮಿಲಿಸೆಕೆಂಡ್ ಬೇಕು. ಅಷ್ಟು ತಡವಾಗಿ ಬಂದದ್ದನ್ನ ಮೊದಲನೆಯದರ ಜೊತೆ ಕೂಡಿಸಿದ್ರೆ 570 ಹರ್ಟ್ಸ್ ಆಸುಪಾಸು ಒಂದನ್ನೊಂದು ಹೊಡೆದುಹಾಕುತ್ತವೆ, ಅದರ ಮೂರು ಪಟ್ಟಿನ ಹತ್ತಿರ ಮತ್ತೆ. ಗಿಟಾರಿನ ಮೈಯೆಲ್ಲ ಇರೋದೇ ಅಲ್ಲಿ! ಎರಡು ಮೈಕ್ ಬೇಕೇಬೇಕು ಅಂದ್ರೆ ಒಂದರ ಫೇಸ್ ತಿರುಗಿಸಿ (ಅಲೆಯನ್ನ ತಲೆಕೆಳಗು ಮಾಡೋ ಬಟನ್), ಸೌಂಡ್ ಅತಿ ಬಡಕಲಾಗೋ ತನಕ ದೂರ ಸರಿಸ್ತಾ ಹೋಗಿ, ಆಮೇಲೆ ಫೇಸ್ ವಾಪಸ್ ತಿರುಗಿಸಿ.

ಇನ್ನು 57. ನಡುವೆ ಇಟ್ರೆ ಚುರುಕು ಜಾಸ್ತಿ. ಡಸ್ಟ್ ಕ್ಯಾಪ್ (ಸ್ಪೀಕರ್ ನಡುವಿನ ಗುಂಡು ಮುಚ್ಚಳ) ಮುಗಿದು ಕೋನ್ (ಅದರ ಸುತ್ತಲಿನ ಅದುರೋ ಭಾಗ) ಶುರುವಾಗೋ ಅಂಚಿಗೆ ತನ್ನಿ. ಅಲ್ಲಿಂದ ಹೊರಕ್ಕೆ ಹೋದಷ್ಟೂ ಮಬ್ಬು. ಅಂಟಿಸಿ ಇಟ್ಟಾಗ ಬಾಸ್ ಉಬ್ಬುತ್ತೆ, ಬೇಡ ಅಂದ್ರೆ ಎರಡು ಬೆರಳು ಹಿಂದಕ್ಕೆ.

ಬ್ಯಾಂಡ್ ಇದ್ದಾಗ ನಾನು ಆಂಪ್ ಜೋರಾಗಿಟ್ಟು, ಗಿಟಾರ್ ಮುಟ್ಟದೆ, ಬರೀ ಅದರ ‘ಸ್‌ಸ್’ ಸದ್ದು ಹೆಡ್‌ಫೋನಲ್ಲಿ ಕೇಳ್ತಾ ಮೈಕ್ ಸರಿಸ್ತಿದ್ದೆ. ಮಂಡಿಯೂರಿ ಕೂತು, ದೇವರಿಗೆ ಆರತಿ ಎತ್ತೋರ ಹಾಗೆ. ಒಂದು ಬೆರಳಗಲಕ್ಕೆ ಬಣ್ಣ ಬದಲಾಗೋದು ಗೊತ್ತಾಗ್ತಿತ್ತು. ನಿಮಗೆ ಮಂಡಿನೋವಿಲ್ಲ, ಮೌಸ್ ಇದೆ.

ರಿವರ್ಬ್ (ದೊಡ್ಡ ಕೋಣೆಯ ಗುಂಗು ಸೇರಿಸೋ ಎಫೆಕ್ಟ್) ಎಲ್ಲಿದೆ? ಡಿಸ್ಟಾರ್ಷನ್‌ಗಿಂತ ಮೊದಲಿದ್ರೆ ಆ ಗುಂಗೂ ಹರಿದುಹೋಗಿ ಗೊಜ್ಜಾಗುತ್ತೆ. ಕ್ಯಾಬ್ (ಸ್ಪೀಕರ್ ಡಬ್ಬ) ಆದ್ಮೇಲೆ ಹಾಕಿ.

ಬಾಸ್‌ಭಟ್ಟ:
ಇಷ್ಟೆಲ್ಲ ಮಾಡಿ ಆಮೇಲೆ ಹೈ ಕಟ್ ಹಾಕಿ ಅಂತ ತಿದ್ಕೊಳ್ತೀನಿ.

ಹಳೇವಾಲ್ವ್:
ಅದಕ್ಕೆ ನನ್ನ ತಕರಾರಿಲ್ಲ. 12 ಇಂಚಿನ ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ದಾಟಿದ್ಮೇಲೆ ಹೇಗೂ ಬೇಗ ಇಳಿಯುತ್ತೆ.

ಒಂಟಿತಂತಿ:
ರಿವರ್ಬ್ ಮೊದಲೇ ಇತ್ತು ಸರ್. 🙏 ಅಂಚಿಗೆ ತಂದೆ, ಒಂದೇ ಮೈಕ್. ಗುಯ್‌ಗುಯ್ ಮುಕ್ಕಾಲು ಹೋಯ್ತು. ಪಕ್ಕದ ಬೆಡ್‌ನವನು ಮಾತ್ರ ಬೈತಿದ್ದಾನೆ, ಅವನಿಗೆ ಕೇಳ್ಸೋದು ಬರೀ ತಂತಿ ಟಿಕ್‌ಟಿಕ್ ಅಂತೆ.