ಡಿಸ್ಟಿಲರಿಯ ಮಳಿ ನೀರಿನ ವಾಸನೆ: ಶನಿವಾರದ ಸಭೆಯಲ್ಲಿ ಏನು ಕೇಳೋಣ?

ಬಿ-402:
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಎರಡು ಗಂಟೆಗೆ ಮತ್ತೆ ಕೊಳೆತ ಮೊಟ್ಟೆ ವಾಸನೆ. ಕಿಟಕಿ ಮುಚ್ಚಿ ಮಲಗಿದೆವು. ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು, ಈ ಹಂಗಾಮಿನಷ್ಟು ಯಾವತ್ತೂ ಇರಲಿಲ್ಲ. ಆ ಡಿಸ್ಟಿಲರಿ, ಅಂದರೆ ಕಬ್ಬಿನಿಂದ ಎಥನಾಲ್ ಮಾಡುವ ಕಾರ್ಖಾನೆಯವರು ಶನಿವಾರ ಸುತ್ತಲಿನ ಸೊಸೈಟಿಗಳನ್ನು ಕರೆದಿದ್ದಾರೆ. ದಿನಕ್ಕೆ 60 ಸಾವಿರ ಲೀಟರ್ ಎಥನಾಲ್ ಮಾಡುವುದನ್ನು ದುಪ್ಪಟ್ಟು ಮಾಡುತ್ತಾರಂತೆ. ಜೊತೆಗೆ 'ಹೊಸ ಸ್ವಚ್ಛ ತಂತ್ರಜ್ಞಾನ' ಅಂತೆ. ನಮ್ಮ ಕನ್ನಡ ಗುಂಪಿನಿಂದ ಯಾರು ಬರ್ತೀರಿ?

ಎ-104:
ನಾನು ರೆಡಿ. ಮುಚ್ಚಿ ಅಂತ ಹೇಳಿಬಿಡೋಣ, ಮುಗೀತು.

ಸಿ-301:
ಅಷ್ಟು ಸುಲಭವಾ ತಮ್ಮಾ? ನಮ್ಮಪ್ಪ ಅಥಣಿ ಕಡೆ ಕಬ್ಬು ಬೆಳೆಯುತ್ತಾರೆ. ಕಬ್ಬು ಕಳಿಸಿದ 14 ದಿನದಲ್ಲಿ ದುಡ್ಡು ಕೊಡಬೇಕು ಅಂತ ಕಾನೂನೇ ಇದೆ. ಆದರೂ ಸಕ್ಕರೆ ಗೋದಾಮಿನಲ್ಲಿ ಕೂತ ವರ್ಷ ಬಿಲ್ಲಿಗಾಗಿ ತಿಂಗಳುಗಟ್ಟಲೆ ಅಲೆದಿದ್ದಾರೆ. ಎಥನಾಲ್ ಮಾರಿದರೆ ಕಾರ್ಖಾನೆಗೆ ದುಡ್ಡು ಬೇಗ ಬರುತ್ತದೆ. ನೀನು ಹಾಕಿಸುವ ಪೆಟ್ರೋಲಿನಲ್ಲೂ ಈಗ 20% ಅದೇ ಇದೆ. ಮುಚ್ಚಿ ಅನ್ನೋದು ಬೇಡ, ವಾಸನೆ ನಿಲ್ಲಿಸಿ ಅನ್ನೋಣ.

ಎ-104:
ಸರಿ ಅಕ್ಕಾ. ಹೇಗೆ ನಿಲ್ಲಿಸೋದು ಅಂತ ಕಾಕಾನೇ ಹೇಳಲಿ. ಸಕ್ಕರೆ ಕಾರ್ಖಾನೆ ಲ್ಯಾಬಿನಲ್ಲಿ ಇದ್ದವರಲ್ವಾ.

ಡಿ-502:
ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತದೆ.

ಕಾಕಂಬಿಯಿಂದ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದಿಂದ, ಒಂದು ಲೀಟರ್ ಎಥನಾಲ್ ತೆಗೆದರೆ ಹೆಚ್ಚುಕಡಿಮೆ 10 ಲೀಟರ್ ಕಂದು ನೀರು ಉಳಿಯುತ್ತದೆ. ಅದೇ ಸ್ಪೆಂಟ್ ವಾಶ್, ಇಲ್ಲಿಯವರ ಮಳಿ ನೀರು. 60 ಸಾವಿರಕ್ಕೆ ಆರು ಲಕ್ಷ ಲೀಟರ್, ಅಂದರೆ 10 ಸಾವಿರ ಲೀಟರಿನ ಟ್ಯಾಂಕರ್ 60. ಪ್ರತಿ ದಿನ! ಅದರಲ್ಲಿ ಗಂಧಕದ ಅಂಶ ಇರುತ್ತದೆ. ಹೊಂಡದಲ್ಲಿ ನಿಂತು ಕೊಳೆತರೆ ಮೊಟ್ಟೆ ವಾಸನೆ. ಚಳಿಗಾಲದ ರಾತ್ರಿ ತಣ್ಣನೆ ಗಾಳಿ ನೆಲ ಬಿಟ್ಟು ಏಳುವುದಿಲ್ಲ, ಅದಕ್ಕೇ ಎರಡು ಗಂಟೆಗೆ ಮೂಗಿಗೆ ಹೊಡೆಯುತ್ತದೆ. ರಾತ್ರಿ ಕದ್ದು ಆ ನೀರು ಹೊರಗೆ ಬಿಡುತ್ತಾರೆ ಅಂತ ಜನ ಹೇಳೋದು ನಿಜ ಇರಬಹುದು, ಇಲ್ಲದೆಯೂ ಇರಬಹುದು.

ಈಗಿನ ಪದ್ಧತಿ ಹೀಗಿದೆ. ಮುಚ್ಚಿದ ಟ್ಯಾಂಕಿನಲ್ಲಿ ಬಯೋಗ್ಯಾಸ್ ತೆಗೆಯುತ್ತಾರೆ. ಇಲ್ಲವೇ ನೀರನ್ನು ಇವಾಪರೇಟರಿನಲ್ಲಿ ಗಟ್ಟಿ ಮಾಡಿ, ಬಗಾಸ್ (ಕಬ್ಬಿನ ಸಿಪ್ಪೆ) ಅಥವಾ ಕಲ್ಲಿದ್ದಲಿನ ಜೊತೆ ಬಾಯ್ಲರಿನಲ್ಲಿ ಸುಡುತ್ತಾರೆ. ಬೂದಿಯಲ್ಲಿ ಪೊಟ್ಯಾಷ್ ಸಿಗುತ್ತದೆ, ಗೊಬ್ಬರಕ್ಕೆ ಬರುತ್ತದೆ. ಒಳ್ಳೆಯ ಪದ್ಧತಿಯೇ. ಆದರೆ ಅದೇ ಪೊಟ್ಯಾಷ್ ಕರಗಿ ಬಾಯ್ಲರ್ ಟ್ಯೂಬಿಗೆ ಅಂಟುತ್ತದೆ. ಇವಾಪರೇಟರಿಗೂ ಕಿಟ್ಟ ಕಟ್ಟುತ್ತದೆ. ನಿಲ್ಲಿಸಿ ಕೆರೆಯಲೇಬೇಕು. ಕೆರೆಯುವ ದಿನ ಡಿಸ್ಟಿಲರಿ ನಿಲ್ಲಿಸುತ್ತಾರಾ? ಇಲ್ಲದಿದ್ದರೆ ಆರು ಲಕ್ಷ ಲೀಟರ್ ಹೊಂಡಕ್ಕೇ.

ಬಿ-402:
ಅವರ ಕರಪತ್ರದಲ್ಲಿ ಇಂಗಾಲದ ಡೈಆಕ್ಸೈಡ್ ಹಿಡಿಯುತ್ತೇವೆ ಅಂತ ದೊಡ್ಡದಾಗಿ ಹಾಕಿದ್ದಾರೆ ಕಾಕಾ.

ಡಿ-502:
ಹಿಡಿಯಲಿ, ಸಂತೋಷ. ಹುದುಗುವಾಗ ಲೀಟರ್ ಎಥನಾಲಿಗೆ ಮುಕ್ಕಾಲು ಕಿಲೋದಷ್ಟು ಬರುತ್ತದೆ. ಶುದ್ಧವಾಗಿರುತ್ತದೆ, ಸೋಡಾದವರೂ ಕೊಳ್ಳುತ್ತಾರೆ. ಆದರೆ ಅದಕ್ಕೆ ವಾಸನೆಯೇ ಇಲ್ಲ. ನಮ್ಮ ಮೂಗಿಗೆ ಅದರಿಂದ ಏನು ಲಾಭ?

ಎ-104:
ಪಾಣಿಪತ್‌ನಲ್ಲಿ ಭತ್ತದ ಹುಲ್ಲಿನಿಂದ ಎಥನಾಲ್ ಮಾಡ್ತಾರಲ್ವಾ, ಅದೂ ನಮ್ಮ ಪುಣೆಯ ಪ್ರಾಜ್ ಕಂಪನಿ ತಂತ್ರಜ್ಞಾನದಿಂದ. ಇಲ್ಲೂ ಅದನ್ನೇ ಮಾಡಿ ಅನ್ನೋಣ?

ಡಿ-502:
ಅದು 2022ರಲ್ಲಿ ಶುರುವಾದದ್ದು, ವರ್ಷಕ್ಕೆ 2 ಲಕ್ಷ ಟನ್ ಹುಲ್ಲು ಬೇಕು. ಅಲ್ಲಿ ಭತ್ತ, ಇಲ್ಲಿ ಕಬ್ಬು. ಸುಮ್ನೆ ಮಾತು ಬೇರೆ ಕಡೆ ಹೋಗುತ್ತದೆ ಮಗಾ.

ಸಿ-301:
ಕಾಕಾ, ನಮ್ಮ ಬೋರ್‌ವೆಲ್ ನೀರು ಚಹಾ ಬಣ್ಣಕ್ಕೆ ತಿರುಗಿದೆ. ಇದೂ ಅದೇನಾ?

ಡಿ-502:
ಬಣ್ಣ ನೋಡಿ ಹೇಳಲು ಆಗುವುದಿಲ್ಲ ತಾಯಿ. ಹಳೇ ಪೈಪಿನ ತುಕ್ಕೂ ಇರಬಹುದು. ಶನಿವಾರಕ್ಕೆ ಮುಂಚೆ ಎರಡು ಬಾಟಲಿ ಲ್ಯಾಬಿಗೆ ಕೊಡೋಣ. ಒಂದು ನಮ್ಮದು, ಒಂದು ರಸ್ತೆ ಆಚೆಯ ಬಾವಿಯದು. ವರದಿ ಬರುವ ತನಕ ಕುಡಿಯಬೇಡಿ.

ಬಿ-402:
ಹಾಗಾದರೆ ಸಭೆಯಲ್ಲಿ ಮೊದಲು ಕೇಳೋದು: ಕಳೆದ ಹಂಗಾಮಿನಲ್ಲಿ ಬಾಯ್ಲರ್, ಇವಾಪರೇಟರ್ ಎಷ್ಟು ದಿನ ನಿಂತಿತ್ತು, ಆ ದಿನಗಳ ನೀರು ಎಲ್ಲಿಗೆ ಹೋಯ್ತು? ಲಾಗ್‌ಬುಕ್ ತೋರಿಸಿ. ಡಿಸ್ಟಿಲರಿಗಳು ಮಾಲಿನ್ಯ ಅಳೆಯುವ ಆನ್‌ಲೈನ್ ಮೀಟರ್ ಹಾಕಬೇಕು ಅಂತ ಕೇಂದ್ರ ಮಾಲಿನ್ಯ ಮಂಡಳಿ 2014ರಲ್ಲೇ ಹೇಳಿದೆ, ಅದರ ಲೆಕ್ಕವೂ ಬೇಕು. ದುಪ್ಪಟ್ಟು ಮಾತು ಆಮೇಲೆ. ಅಲ್ಲಿಯ ತನಕ ವಾಸನೆ ಬಂದ ದಿನ, ಗಂಟೆ, ಗಾಳಿಯ ದಿಕ್ಕು ಇದೇ ಗುಂಪಿನಲ್ಲಿ ಹಾಕಿ. 'ಥೂ' ಅಂತ ಮಾತ್ರ ಬರೆದರೆ ಲೆಕ್ಕಕ್ಕೆ ಬರುವುದಿಲ್ಲ. ಕಾಕಾಗೆ ನಮ್ಮ ಕಾರಿನಲ್ಲಿ ಮುಂದಿನ ಸೀಟು.

ಡಿ-502:
ಇನ್ನೊಂದು. ಬಾಗಿಲಲ್ಲಿ ಹಾಜರಿ ಪುಸ್ತಕ ಇಟ್ಟಿರುತ್ತಾರೆ. ಸಹಿ ಹಾಕುವ ಮುಂಚೆ ಹಾಳೆಯ ತಲೆಬರಹ ಓದಿ. 'ಒಪ್ಪಿಗೆ' ಅಂತಿದ್ದರೆ ಪೆನ್ನು ಮುಟ್ಟಬೇಡಿ.

ಎ-104:
ಮರಾಠಿಯಲ್ಲಿ ಇದ್ದರೆ 'ಸಂಮತಿ' ಅಂತಿರುತ್ತದೆ. ನಾನು ಬಾಗಿಲಲ್ಲೇ ನಿಂತಿರ್ತೀನಿ.