ಪೇತ್ರನಿಗೆ ಕುರಿಗಳನ್ನು ಒಪ್ಪಿಸಿದ್ದು ಕ್ಷಮೆಯೋ, ಅಧಿಕಾರವೋ?

ಭದ್ರಾವತಿ ಸೊಸೆ:
ನನ್ನ ತವರಿನವರು ಕ್ಯಾಥೊಲಿಕ್, ಗಂಡನ ಮನೆಯವರು ಸಿಎಸ್‌ಐ (ದಕ್ಷಿಣ ಭಾರತ ಸಭೆ, ಪ್ರಾಟೆಸ್ಟೆಂಟರು). ಮೊನ್ನೆ ಎಲ್ಲರೂ ಸೇರಿದ್ದಾಗ ಪ್ರಾರ್ಥನೆಯಲ್ಲಿ ಯೋಹಾನ 21 ಓದಿದೆವು. ಯೇಸು ತಮ್ಮ ಶಿಷ್ಯ ಪೇತ್ರನಿಗೆ ಮೂರು ಸಲ ‘ನನ್ನನ್ನು ಪ್ರೀತಿಸುತ್ತೀಯಾ’ ಅಂತ ಕೇಳಿ, ಪ್ರತಿ ಸಲವೂ ಕುರಿಗಳನ್ನು, ಅಂದರೆ ತಮ್ಮನ್ನು ನಂಬಿದವರನ್ನು, ಒಪ್ಪಿಸುವ ಭಾಗ. ಇಡೀ ಧರ್ಮಸಭೆಗೆ ಪೇತ್ರನನ್ನು ಕುರಿಗಾಹಿಯಾಗಿ ನೇಮಿಸಿದ್ದು ಇಲ್ಲೇ ಅಂದರು ಅಪ್ಪ. ಮಾವ ಒಪ್ಪಲಿಲ್ಲ. ಯೇಸು ಗೊತ್ತೇ ಇಲ್ಲ ಅಂದು ಬಿದ್ದವನನ್ನು ಎತ್ತಿ ನಿಲ್ಲಿಸಿದ್ದು ಅಷ್ಟೇ, ಸಭೆಗೆ ಅಸ್ತಿವಾರ ಕ್ರಿಸ್ತನೇ ಅಂದರು. ಇಬ್ಬರೂ ಬೈಬಲನ್ನೇ ತೋರಿಸುತ್ತಾರೆ. ಮಗಳು ಕೇಳ್ತಿದ್ದಾಳೆ, ಏನು ಹೇಳಲಿ?

ಶಿವಮೊಗ್ಗದ ಉಪದೇಶಿ:
ಅಕ್ಕ, ನಿಮ್ಮ ಅಪ್ಪ ಹೇಳಿದ್ದೇ ನಮ್ಮ ಕ್ಯಾಥೊಲಿಕ್ ಬೋಧನೆ. ಮತ್ತಾಯ 16ರಲ್ಲಿ ಯೇಸು ಪೇತ್ರನಿಗೆ (ಆ ಹೆಸರಿನ ಅರ್ಥವೇ ಬಂಡೆ) ‘ಈ ಬಂಡೆಯ ಮೇಲೆ’ ನನ್ನ ಸಭೆ ಕಟ್ಟುತ್ತೇನೆ, ಪರಲೋಕ ರಾಜ್ಯದ ಬೀಗದ ಕೈ ಕೊಡುತ್ತೇನೆ ಅಂತ ಮಾತು ಕೊಟ್ಟರು, ಯೋಹಾನ 21ರಲ್ಲಿ ಅದನ್ನು ನೆರವೇರಿಸಿದರು. 1870ರಲ್ಲಿ ಮೊದಲನೇ ವ್ಯಾಟಿಕನ್ ಮಹಾಸಭೆ ಪೋಪರ ಅಧಿಕಾರದ ಬಗ್ಗೆ ಹೇಳುವಾಗ ಈ ಎರಡೂ ಭಾಗಗಳನ್ನು ಆಧಾರವಾಗಿ ತೆಗೆದುಕೊಂಡಿತು. ಆದರೆ ಕ್ಷಮೆ ಬೇರೆ, ಅಧಿಕಾರ ಬೇರೆ ಅಂತ ಯಾಕೆ ಭಾಗ ಮಾಡಬೇಕು? ಲೂಕ 22:32 ನೋಡಿ. ಪೇತ್ರ ಇನ್ನೂ ‘ಗೊತ್ತಿಲ್ಲ’ ಅಂದೇ ಇರಲಿಲ್ಲ, ಆಗಲೇ ಯೇಸು, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಅಂತ ಹೇಳಿಬಿಟ್ಟಿದ್ದರು.

ಸಾಗರದ ಕಡೆಯವ:
ನಾನು ಮಾವನವರ ಪಕ್ಷ. ಪೇತ್ರ ಮೂರು ಸಲ ಅಲ್ಲಗಳೆದದ್ದು ಮಹಾಯಾಜಕನ ಅಂಗಳದಲ್ಲಿ, ಇದ್ದಲಿನ ಬೆಂಕಿಯ ಹತ್ತಿರ. ಯೋಹಾನ 21ರಲ್ಲೂ ಕೆರೆಯ ದಡದಲ್ಲಿ ಇದ್ದಲಿನ ಬೆಂಕಿ ಇದೆ, ಮೀನು ಸುಡುತ್ತಿದೆ, ಅಲ್ಲಿ ಮೂರು ಪ್ರಶ್ನೆ. ಅದು ಗಾಯಕ್ಕೆ ಔಷಧಿ ಹಚ್ಚಿದ ಹಾಗೆ, ಪಟ್ಟಾಭಿಷೇಕದ ಹಾಗೆ ನನಗೆ ಕಾಣುವುದಿಲ್ಲ. ಮತ್ತಾಯ 16ರಲ್ಲಿ ಪೇತ್ರನಿಗೆ ಹೇಳಿದ ಕಟ್ಟುವ, ಬಿಚ್ಚುವ (ನಿಷೇಧಿಸುವ, ಅನುಮತಿಸುವ) ಅಧಿಕಾರವನ್ನು ಮತ್ತಾಯ 18ರಲ್ಲಿ ಎಲ್ಲ ಶಿಷ್ಯರಿಗೂ ಕೊಟ್ಟಿದ್ದಾರೆ. ಅಪೊಸ್ತಲರೂ ಪ್ರವಾದಿಗಳೂ ಅಸ್ತಿವಾರ, ಮುಖ್ಯವಾದ ಮೂಲೆಗಲ್ಲು ಕ್ರಿಸ್ತನೇ ಅಂತ ಎಫೆಸ 2:20 ಹೇಳುತ್ತದೆ. ಪೇತ್ರ ತನ್ನ ಪತ್ರದಲ್ಲಿ ಹಿರಿಯರಿಗೆ ಬರೆಯುವಾಗ ತಾನೂ ಅವರ ಜೊತೆಯ ಒಬ್ಬ ಹಿರಿಯ ಅಂತಲೇ ಹೇಳಿಕೊಳ್ಳುತ್ತಾನೆ. ಪಂಚಾಶತ್ತಮ ದಿನ (ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ದಿನ) ಎದ್ದು ನಿಂತು ಮಾತಾಡಿದ್ದು ಅವನೇ, ಅವನ ಜಾಗ ದೊಡ್ಡದು, ಒಪ್ಪುತ್ತೇನೆ. ಅದು ರೋಮಿನ ಬಿಷಪರಿಗೆ, ಅಂದರೆ ಪೋಪರಿಗೆ, ಇಳಿದು ಬಂತು ಅನ್ನುವುದು ಮಾತ್ರ ಈ ಅಧ್ಯಾಯಗಳಲ್ಲಿ ಎಲ್ಲೂ ಇಲ್ಲ.

ತೀರ್ಥಹಳ್ಳಿ ಓದುಗ:
ಈ ಚರ್ಚೆ ಹಳೆಯದು. ಹಳೆಯ ಕಾಲದ ಸಭಾ ಗುರು ಅಗಸ್ಟೀನ್ ಒಮ್ಮೆ ಬಂಡೆ ಅಂದರೆ ಪೇತ್ರ ಅಂದರು, ಆಮೇಲೆ ಪೇತ್ರ ‘ನೀನೇ ಕ್ರಿಸ್ತ’ ಅಂತ ಅರಿಕೆ ಮಾಡಿದ ಕ್ರಿಸ್ತನೇ ಬಂಡೆ ಅಂದರು, ಕೊನೆಗಾಲದಲ್ಲಿ ಆಯ್ಕೆಯನ್ನು ಓದುಗರಿಗೇ ಬಿಟ್ಟರು. ಅದೇ ಕಾಲದ ಇನ್ನೊಬ್ಬ ಗುರು ಕ್ರಿಸೊಸ್ತೊಮರು ಮತ್ತಾಯನ ಮೇಲೆ ಮಾತಾಡುವಾಗ ಬಂಡೆ ಅಂದರೆ ಆ ನಂಬಿಕೆಯ ಅರಿಕೆ ಅನ್ನುತ್ತಾರೆ. ಅದೇ ಅವರು ಯೋಹಾನ 21ಕ್ಕೆ ಬಂದಾಗ ಪೇತ್ರನನ್ನು ಲೋಕಕ್ಕೇ ಬೋಧಕನಾಗಿ ನೇಮಿಸಿದರು ಅಂತಾರೆ. ನರಸಿಂಹರಾಜಪುರದ ಕಡೆ ಸಿರಿಯನ್ ಕ್ರೈಸ್ತರು ಇದ್ದಾರಲ್ವಾ, ಸಿರಿಯನ್ ಆರ್ಥಡಾಕ್ಸ್ ಪರಂಪರೆಯಲ್ಲಿ ಪೇತ್ರನ ಪೀಠ ಅಂದರೆ ಅಂತಿಯೋಕ್ಯ ಅನ್ನುವ ಪ್ರಾಚೀನ ನಗರ. ಹಾಗಾಗಿ ಪೇತ್ರನಿಗೆ ಗೌರವ ಕೊಡುವವರೆಲ್ಲ ರೋಮಿನ ಕಡೆಗೇ ತಿರುಗುತ್ತಾರೆ ಅಂತ ಇಲ್ಲ.

ಭದ್ರಾವತಿ ಸೊಸೆ:
ಲೂಕ 22 ನಮ್ಮ ಇಬ್ಬರು ಹಿರಿಯರೂ ಆವತ್ತು ತೆಗೆಯಲೇ ಇಲ್ಲ. ಈ ಭಾನುವಾರ ಅದನ್ನೇ ಓದಿಸುತ್ತೇನೆ.

ಸಾಗರದ ಕಡೆಯವ:
ಓದಿಸಿ ಅಕ್ಕ. ಹಾಗೇ ಯೋಹಾನ 21ರಲ್ಲಿ 17ಕ್ಕೇ ನಿಲ್ಲಿಸಬೇಡಿ, 18 ಮತ್ತು 19 ಕೂಡ ಓದಿ. ಕುರಿಗಳನ್ನು ಒಪ್ಪಿಸಿದ ಕೂಡಲೇ ಯೇಸು ಅವನಿಗೆ ಹೇಳುವುದು ಅವನ ಸಾವಿನ ಬಗ್ಗೆ. ಆಮೇಲೆ ‘ನನ್ನನ್ನು ಹಿಂಬಾಲಿಸು’ ಅನ್ನುತ್ತಾರೆ. ನಿಮ್ಮ ಅಪ್ಪನಿಗೂ ಮಾವನಿಗೂ ಅಲ್ಲಿ ಜಗಳ ಬರಲಾರದು.